ಮಾತಾಡದ ನೀರು

"ಆಧಾರ?"

ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದದ್ದು ಅಷ್ಟೇ. ಇಸ್ಮಿನಿ ಚಳಿಗಾಲವೆಲ್ಲ ಕೂತು ತಿದ್ದಿ ತೀಡಿದ್ದ ಪುಟದ ಅಂಚಿನಲ್ಲಿ ಆ ಒಂದು ಪದ, ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ.

ಅವಳು ಪುಟ ಹಿಡಿದುಕೊಂಡು ಎದ್ದಳು. ಮತ್ತೆ ಕೂತಳು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟಿದಳು. ಒರಟಾಯಿತು ಅನ್ನಿಸಿತು. ಇನ್ನೊಂದು ಕಟ್ಟಿದಳು. ಅದು ತೀರಾ ಮೆತ್ತಗಾಯಿತು...

ಅಥೆನ್ಸಿನ ಆ ನಿಘಂಟು ಕಚೇರಿಯಲ್ಲಿ ಹಳೆಯ ಗ್ರೀಕ್ ಪದಗಳ ಹುಟ್ಟು ಬೆಳವಣಿಗೆ ಬರೆಯುವುದು ಅವಳ ಕೆಲಸ. ಪದ ಮೊದಲು ಎಲ್ಲಿ ಕಾಣಿಸಿತು, ಆಗ ಅದಕ್ಕೆ ಏನರ್ಥ, ಆಮೇಲೆ ಅದು ಏನಾಯಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಪರೀಕ್ಷಕರು ಅಂಚಿನಲ್ಲಿ 'ಒಪ್ಪಿದೆ' ಎಂದು ಬರೆಯುವವರೆಗೆ ಪದ ಅಚ್ಚಿಗೆ ಹೋಗುವುದಿಲ್ಲ. ಹಳೆಯ ಪರೀಕ್ಷಕರು ನಿವೃತ್ತರಾಗಿ ಆ ವಾರವಷ್ಟೇ ಹೊಸಬ ಬಂದಿದ್ದ. ಹೆಸರು ಮಿಲ್ತೊಸ್. ಥೆಸಲೊನಿಕಿಯವನು.

ಕೊನೆಗೂ ಅವಳು ಅವನ ಮೇಜಿನ ಮುಂದೆ ನಿಂತಳು. ಕಟ್ಟಿದ್ದ ಎರಡು ವಾಕ್ಯಗಳೂ ಮರೆತುಹೋಗಿದ್ದವು.

"ಇದನ್ನ ಬರೆದೋಳು ನಾನು."

"ಗೊತ್ತು. ಹೆಸರಿದೆ." ಅವನು ತಲೆಯೆತ್ತಲಿಲ್ಲ.

"ಇದರಲ್ಲಿ ಆಧಾರ ಇಲ್ಲ ಅಂತೀರಾ? ಪುಟದ ತುಂಬಾ ಅದೇ ಇದೆಯಲ್ಲ!"

"ಈ ತುದೀಲಿದೆ, ಆ ತುದೀಲಿದೆ. ನಡುವೆ ಇಲ್ಲ." ಅವನು ಪುಟವನ್ನು ತನ್ನ ಕಡೆ ತಿರುಗಿಸಿಕೊಂಡ. "ಒಮಿಲಿಯಾ. ಹಳೇ ಕಾಲದಲ್ಲಿ 'ಜೊತೆಗಿರೋದು' ಅಂತ ಅರ್ಥ ಅಂದಿದ್ದೀರಿ. ಸರಿ. ಆಮೇಲೆ 'ಮಾತಾಡೋದು' ಅಂತಾಯ್ತು ಅಂದಿದ್ದೀರಿ. ಅದೂ ಸರಿ. ಇದರಿಂದ ಅದಕ್ಕೆ ಹೇಗೆ ದಾಟ್ತು? ಸೇತುವೆ ಎಲ್ಲಿ?"

"ಜನ ಜೊತೆಗಿದ್ರೆ ಮಾತಾಡ್ತಾರೆ. ಅದಕ್ಕೂ ಸಾಕ್ಷಿ ಬೇಕಾ?"

"ಎಲ್ಲರೂ ಮಾತಾಡಲ್ಲ." ಅವನು ಈಗ ತಲೆಯೆತ್ತಿದ. "ನಾನು ಮಾತಾಡಲ್ಲ."

ಎಂಥ ಸೊಕ್ಕು!

ಅವಳು ಪುಟ ಕಸಿದುಕೊಂಡು ತಿರುಗಿ ಹೊರಟಳು. ಆದರೆ ಏನನ್ನೂ ನೋಡದೆ ಬಿಡುವ ಅಭ್ಯಾಸ ಅವಳಿಗಿಲ್ಲ. ಬಾಗಿಲ ಬಳಿ ಒಮ್ಮೆ ಹಿಂದಿರುಗಿ ನೋಡಿದಳು. ಮಿಲ್ತೊಸ್ ಮತ್ತೆ ಕೆಲಸದಲ್ಲಿ ಮುಳುಗಿದ್ದ, ಮುಖದಲ್ಲಿ ಏನೂ ಇರಲಿಲ್ಲ. ಕಿವಿಗಳು ಮಾತ್ರ ಅವನ ಪೆನ್ಸಿಲಿನಷ್ಟೇ ಕೆಂಪಾಗಿದ್ದವು.

ಸೊಕ್ಕಿನವರ ಕಿವಿ ಹಾಗೆ ಕೆಂಪಾಗುತ್ತದೆಯೇ?

* * *

ಕಚೇರಿಯವರು ಅವನಿಗೆ 'ಕೆಂಪು ಪೆನ್ಸಿಲ್' ಎಂದೇ ಹೆಸರಿಟ್ಟರು. ಅವನು ಆ ಪೆನ್ಸಿಲನ್ನು ಯಾರಿಗೂ ಕೊಡುತ್ತಿರಲಿಲ್ಲ. ಬೆರಳಿಗೆ ಸಿಗದಷ್ಟು ಚಿಕ್ಕದಾದರೂ ಎಸೆಯುತ್ತಿರಲಿಲ್ಲ. ತುಂಡಿಗೆ ತಗಡಿನ ಹಿಡಿ ಸಿಕ್ಕಿಸಿಕೊಂಡು ಬರೆಯುತ್ತಿದ್ದ.

ಇಸ್ಮಿನಿಯ ಮೇಜು ಅವನ ಎದುರಿಗೇ ಇತ್ತು. ಮೊದಲ ತಿಂಗಳು ಅವಳು ಅವನ ಮೇಲೆ ಸಿಟ್ಟಿನಲ್ಲಿದ್ದಳು. ಎರಡನೆಯ ತಿಂಗಳು ಸಿಟ್ಟಿನಲ್ಲಿರಲು ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು. ವಸಂತ ಬಂದು ಬೀದಿಯ ಕಿತ್ತಳೆ ಮರಗಳು ಹೂ ಬಿಡುವ ಹೊತ್ತಿಗೆ, ಅವನು ದಿನವೂ ಮೂಲೆಯ ಗಾಡಿಯಿಂದ ಎಳ್ಳಿನ ಕುಲೂರಿ ತಂದು, ಆ ಬಳೆಯಂಥ ರೊಟ್ಟಿಯನ್ನು ಅರ್ಧ ಮುರಿದು, ಒಂದು ಮಾತೂ ಆಡದೆ ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಅವಳೂ ಮಾತಾಡದೆ ತಿನ್ನುತ್ತಿದ್ದಳು. ಎಳ್ಳು ಪುಟಗಳ ಮೇಲೆ ಉದುರುತ್ತಿತ್ತು.

ಒಂದು ದಿನ ಅವನೇ ಕೇಳಿದ: "ನಿಮಗೆ ಹಳೇ ಪದಗಳಂದ್ರೆ ಯಾಕೆ ಇಷ್ಟ?"

ಅವಳು ಪುಟದ ಮೇಲಿನ ಎಳ್ಳು ಗುಡಿಸಿದಳು. "ಅವು ಹಿಂದೆ ಏನಂದ್ಕೊಂಡಿದ್ವು ಅಂತ ಎಲ್ಲೋ ಬರೆದಿಟ್ಟಿರುತ್ತೆ. ಹುಡುಕಿದ್ರೆ ಸಿಗುತ್ತೆ. ಮನುಷ್ಯರದ್ದು ಹಾಗಲ್ಲ... ಬರೀ ಊಹೆ ಮಾಡ್ತಾ ಕೂರ್ಬೇಕು."

"ಊಹೆ ಮಾಡ್ಬೇಡಿ, ಕೇಳಿ."

"ಕೇಳಿದ್ರೆ ಹೇಳ್ತಾರಾ?"

ಅವನು ತನ್ನ ಪುಟದತ್ತ ಬಗ್ಗಿದ. ಕಿವಿ ಕೆಂಪಾಯಿತು. ಅಷ್ಟು ಹೊತ್ತಿಗೆ ಇಸ್ಮಿನಿ ಆ ಕಿವಿಗಳನ್ನು ಓದಲು ಕಲಿತಿದ್ದಳು. ಮುಖ ಸುಳ್ಳು ಹೇಳಬಹುದು, ಅವನ ಕಿವಿ ಹೇಳುವುದಿಲ್ಲ. ಆದರೆ ಅದು ಏನನ್ನು ಹೇಳುತ್ತಿದೆ ಎಂಬುದು ಮಾತ್ರ...

ಮೇ ತಿಂಗಳಲ್ಲಿ 'ಕ' ಅಕ್ಷರ ನೋಡುತ್ತಿದ್ದವರೊಬ್ಬರು ಕೆಲಸ ಬಿಟ್ಟರು. ಅವರ ಪಾಲಿನ ಪದಗಳನ್ನು ಉಳಿದವರಿಗೆ ಹಂಚಿದರು. ಇಸ್ಮಿನಿಗೆ ಬಂದದ್ದು 'ಕ್ಲಿದೊನ್'. ಕೇಳಲೆಂದು ಯಾರೂ ಆಡದೆ, ಅಕಸ್ಮಾತ್ತಾಗಿ ಕಿವಿಗೆ ಬಿದ್ದು, ಕೇಳಿದವರಿಗೆ ಶಕುನವಾಗುವ ಮಾತು. ಹಿಂದಿನವರು ಹರ್ಮಿಸ್ ದೇವರ ಕಿವಿಯಲ್ಲಿ ತಮ್ಮ ಪ್ರಶ್ನೆ ಹೇಳಿ, ತಮ್ಮ ಕಿವಿ ಮುಚ್ಚಿಕೊಂಡು ಸಂತೆ ದಾಟಿ, ಕೈ ತೆಗೆದ ಕೂಡಲೇ ಕೇಳಿಸಿದ ಮೊದಲ ಮಾತನ್ನೇ ದೇವರ ಉತ್ತರವೆಂದು ನಂಬುತ್ತಿದ್ದರಂತೆ.

"'ಕೇಳು' ಅನ್ನೋ ಬೇರಿಂದ ಬಂದದ್ದು," ಎಂದ ಮಿಲ್ತೊಸ್. "ಭಾರತದ ಕಡೆ 'ಶ್ರವಸ್', 'ಶ್ರವಣ' ಅಂತಾರಲ್ಲ, ಅವು ಇದರ ಅಕ್ಕತಂಗಿಯರು."

"ನಮ್ಮಜ್ಜಿ ಊರಲ್ಲಿ ಇದು ಇನ್ನೂ ನಡೆಯುತ್ತೆ," ಎಂದಳು ಇಸ್ಮಿನಿ. "ಜೂನ್ ಇಪ್ಪತ್ನಾಲ್ಕಕ್ಕೆ, ಸಂತ ಯೋಹಾನನ ಹಬ್ಬಕ್ಕೆ. ಕ್ಲಿದೊನಾಸ್ ಅಂತಾರೆ. ಊರಿನ ಹೆಣ್ಣುಮಕ್ಕಳು ಮಡಕೇಲಿ ಒಂದೊಂದು ವಸ್ತು ಹಾಕ್ತಾರೆ, ಮಾತಾಡದ ನೀರು ತರ್ತಾರೆ..."

"ನೀರು ಮಾತಾಡಲ್ವಾ?"

"ತರೋಳು ಮಾತಾಡಬಾರದು!"

ಅವನು ನಕ್ಕ. ಅವಳು ಅವನ ನಗು ನೋಡಿದ್ದು ಅದೇ ಮೊದಲು. "ಹಾಗಾದ್ರೆ ನಾನೂ ಬಂದು ನೋಡ್ತೀನಿ. ಪರೀಕ್ಷಕರು ಕಣ್ಣಾರೆ ನೋಡಿದ್ರೆ ತಪ್ಪೇನಿಲ್ಲವಲ್ಲ."

ಆ ಸಂಜೆ ಮನೆಗೆ ನಡೆಯುತ್ತ ಇಸ್ಮಿನಿ ಯಾವ ಕಾರಣವೂ ಇಲ್ಲದೆ ಎರಡು ಬೀದಿ ಸುತ್ತು ಹಾಕಿಕೊಂಡು ಹೋದಳು.

ಮಾರನೆಯ ವಾರವೇ ಅವನು ಪೆನ್ಸಿಲ್ ಚೂಪು ಮಾಡುತ್ತ ಹೇಳಿದ: "ಸೈಪ್ರಸ್‌ನಿಂದ ಕರೆದಿದ್ದಾರೆ. ಅಲ್ಲೂ ಒಂದು ನಿಘಂಟು ಶುರು ಮಾಡ್ತಾರಂತೆ. ಜೂನ್ ಇಪ್ಪತ್ತೈದರ ಬೆಳಿಗ್ಗೆ ಇಲ್ಲಿನ ಅವರ ಕಚೇರಿಗೆ ಹೋಗಿ ಸಹಿ ಹಾಕ್ಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾರೆ."

ಹೋಗಬೇಡಿ.

ಆ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ತಡೆದು, ತೂಗಿ, ಪಕ್ಕಕ್ಕಿಟ್ಟು, ಯಾರಿಗೂ ನೋವಾಗದ ಇನ್ನೊಂದನ್ನು ಆರಿಸಿದಳು.

"ಒಳ್ಳೇ ಅವಕಾಶ. ಅಭಿನಂದನೆಗಳು."

ಮಿಲ್ತೊಸ್ ಅವಳನ್ನು ಒಂದು ಕ್ಷಣ ನೋಡಿದ. "ಹೂಂ," ಎಂದ. ಪೆನ್ಸಿಲಿನ ಮೊನೆ ಮುರಿಯಿತು.

* * *

ಕ್ರೀಟ್ ದ್ವೀಪದ ಬೆಟ್ಟದ ಮೇಲಿನ ಕ್ರಿಯೊವ್ರಿಸಿ ಊರಿನಲ್ಲಿ ಇಸ್ಮಿನಿಯ ಅಜ್ಜಿ ಆರ್ಗಿರೊ, ಬಸ್ಸಿಳಿದು ಬಂದ ಮಿಲ್ತೊಸ್‌ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಇವನೇನಾ ನೀನು ಬರೆದಿದ್ದಕ್ಕೆಲ್ಲ ಕೆಂಪು ಬಳಿಯೋನು?"

"ಅಜ್ಜೀ!"

"ಹೌದಜ್ಜಿ, ನಾನೇ," ಎಂದ ಮಿಲ್ತೊಸ್.

"ಸೊರಗಿದ್ದೀಯ. ಕೆಂಪು ಬಳಿಯೋಕೂ ಶಕ್ತಿ ಬೇಕು. ಕೂತ್ಕೊ, ತಿನ್ನು." ಜೇನು ಸುರಿದ ಚೀಸ್ ಕಡುಬಿನ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. ಅವನು ನಾಲ್ಕನೆಯದಕ್ಕೆ ಕೈ ಹಾಕಿದಾಗ ದೃಷ್ಟಿ ತಾಗದಿರಲೆಂದು "ಫ್ತೂ, ಫ್ತೂ, ಫ್ತೂ" ಎಂದು ಉಗುಳುವ ಶಾಸ್ತ್ರ ಮಾಡಿದಳು. ಅವಳು ಯಾರನ್ನಾದರೂ ಮೆಚ್ಚಿದ್ದಾಳೆ ಎನ್ನುವುದಕ್ಕೆ ಅದೇ ಗುರುತು.

ಪಕ್ಕದಲ್ಲಿ ಮಡಕೆ ಉಜ್ಜುತ್ತಿದ್ದ ಲೆಮೊನ್ಯಾ ನಕ್ಕಳು. ಅವಳು ಇಸ್ಮಿನಿಯ ಚಿಕ್ಕಪ್ಪನ ಮಗಳು. ಊರಿನ ಆಲಿವ್ ಎಣ್ಣೆಯನ್ನು ತನ್ನ ಪಿಕಪ್‌ನಲ್ಲಿ ಬಂದರಿಗೆ ಸಾಗಿಸುವವಳು. "ಮೇಷ್ಟ್ರೇ, ಇವತ್ತು ನಮ್ಮ ಇಸ್ಮಿನಿ ನೀರು ತರ್ತಾಳೆ. ಹೋದ ವರ್ಷ ತಂದೋಳಿಗೆ ಮದುವೆ ಆಗೋಯ್ತು. ಅಪ್ಪ ಅಮ್ಮ ಇಬ್ರೂ ಇರೋಳು, ಮದುವೆ ಆಗದೋಳು ಅಂತ ಹುಡುಕಿದ್ರೆ ಇವಳೊಬ್ಳೇ ಉಳಿದಿದ್ದು."

"ನೀನಿಲ್ವಾ?" ಎಂದಳು ಇಸ್ಮಿನಿ.

"ನಾನು ಬಾಯಿ ಮುಚ್ಕೊಂಡು ಆ ನೀರಿನ ಊಟೆಯಿಂದ ಇಲ್ಲಿಗೆ ಬರೋದಾ? ನೀರು ನಿಂತಲ್ಲೇ ಕಲ್ಲಾಗುತ್ತೆ!"

ಆರ್ಗಿರೊ ತಾಮ್ರದ ಕೊಡವನ್ನು ಮೊಮ್ಮಗಳ ಕೈಗಿಟ್ಟಳು. "ಕೇಳು ಕೂಸೇ. ಊಟೇಲಿ ಕೊಡ ತುಂಬಿದ ಮೇಲೆ ತುಟಿ ಬಿಚ್ಚಬಾರದು. ತಿರುಗಿ ನೋಡ್ಬಾರದು. ಬಿಚ್ಚಿದ್ರೆ ನೀರು ಚೆಲ್ಲಿ ವಾಪಸ್ಸು ಹೋಗು. ಹುಡುಗ್ರು ಬಿಡಲ್ಲ, ಮಾತಾಡ್ಸೋಕೆ ಏನೇನೋ ಬೊಗಳ್ತಾರೆ. ಹೋದ ಸಲ ನನ್ನೇ ಸಾಯ್ಸಿಬಿಟ್ರು. 'ಆರ್ಗಿರೊ ಸತ್ತೋದ್ಲು' ಅಂತ ಕೂಗಿದ್ರು ನೋಡು! ಆ ಹುಡುಗಿ ಅತ್ಕೊಂಡೇ ನಡೆದ್ಲು, ಬಾಯಿ ಮಾತ್ರ ಬಿಡ್ಲಿಲ್ಲ. ಗಟ್ಟಿಗಿತ್ತಿ."

"ನಾಳೆ ಮಡಕೇಲಿ ನನ್ನ ಉಂಗುರಾನೂ ಇರುತ್ತೆ ಕಣೇ," ಎಂದಳು ಲೆಮೊನ್ಯಾ, ಈ ಸಲ ನಗದೆ. "ಹಾಳು ಮಾಡ್ಬೇಡ."

* * *

ಊಟೆಯಲ್ಲಿ ಕೊಡ ತುಂಬಿ ಹೆಗಲಿಗೇರಿಸಿಕೊಂಡಾಗ ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಿದ್ದ. ತಣ್ಣಗಿನ ತಾಮ್ರ ಕೆನ್ನೆಗೆ ಒತ್ತುತ್ತಿತ್ತು. ಇಸ್ಮಿನಿ ಹೆಜ್ಜೆ ಎತ್ತಿಟ್ಟಳು.

ಅಕ್ರೋಟಿನ ಮರದ ತಿರುವಿನಲ್ಲೇ ಹುಡುಗರು ಕಾದಿದ್ದರು.

"ಇಸ್ಮಿನೀ, ನಿಮ್ಮ ನಿಘಂಟಿಗೆ ಬೆಂಕಿ ಬಿತ್ತಂತೆ! ಟಿವೀಲಿ ಬಂತು!"

"ಇಸ್ಮಿನೀ, ಕೊಡದಲ್ಲಿ ಕಪ್ಪೆ ಇದೆ!"

"ಇಸ್ಮಿನೀ, ನನ್ನ ಮದುವೆ ಆಗು. ಎರಡು ಕತ್ತೆ ಇದೆ, ಒಂದು ನಿನ್ನ ಹೆಸರಿಗೆ ಬರೀತೀನಿ!"

ಅವಳು ತುಟಿ ಕಚ್ಚಿ ನಗು ತಡೆದಳು. ಹುಡುಗರು ಸ್ವಲ್ಪ ದೂರ ಕುಣಿಯುತ್ತ ಬಂದು, ಸಂಜೆಯ ಬೆಂಕಿಗೆ ಸೌದೆ ಕೂಡಿಸಬೇಕೆಂದು ಓಡಿಹೋದರು. ದಾರಿ ಮೌನವಾಯಿತು. ಎರಡೂ ಕಡೆ ಕಲ್ಲಿನ ಗೋಡೆ. ಹಿಪ್ಪುನೇರಳೆ ಮರದ ಕೆಳಗೆ ಯಾರೋ ನಿಂತಿದ್ದರು.

ಮಿಲ್ತೊಸ್.

ಅವನು ಅವಳ ಪಕ್ಕದಲ್ಲಿ, ಕೊಡವಿದ್ದ ಕಡೆ, ಹೆಜ್ಜೆ ಹಾಕತೊಡಗಿದ. ಅವಳಿಗೆ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಮುಖ ಕೊಡದ ಆಚೆಗಿತ್ತು. ಬಹಳ ದೂರ ಇಬ್ಬರೂ ಹಾಗೇ ನಡೆದರು.

"ಇಸ್ಮಿನಿ," ಎಂದ. "ನಂಗೆ ಸೈಪ್ರಸ್‌ಗೆ ಹೋಗೋಕೆ ಇಷ್ಟ ಇಲ್ಲ."

ಅವಳ ಹೆಜ್ಜೆ ಒಮ್ಮೆ ತಡೆಯಿತು. ಕೊಡದ ನೀರು ತುಳುಕಿತು.

"ನೀವು ಹೋಗ್ಬೇಡ ಅಂದ್ರೆ ಹೋಗಲ್ಲ. ಬೆಳಿಗ್ಗೆ ಬಂದ ತಕ್ಷಣ ನಿಮ್ಮ ಮೇಜು ನೋಡ್ತೀನಿ. ನೀವಿದ್ರೆ... ಅಂದ್ರೆ... ನಂಗೆ ನೀವಂದ್ರೆ ತುಂಬಾ ಇಷ್ಟ. ಎಷ್ಟೋ ದಿನದಿಂದ. ಅಷ್ಟೇ ಹೇಳ್ಬೇಕಾಗಿದ್ದು."

ಅವಳ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ, ತಾಮ್ರದ ಕೊಡ ಅದನ್ನು ಊರಿಗೆಲ್ಲ ಸಾರುತ್ತದೆ ಅನ್ನಿಸಿತು. ನಿಜವೇ? ಇದು ನಿಜವೇ? ಒಮ್ಮೆ ಅವನ ಕಿವಿ ಕಂಡರೆ ಸಾಕಿತ್ತು! ಆದರೆ ತಿರುಗಿ ನೋಡುವಂತಿಲ್ಲ...

ಆಗಲೇ ಗೋಡೆಯ ಹಿಂದೆ ಕಿಸಕ್ಕನೆ ನಗು ಕೇಳಿಸಿತು. ಒಬ್ಬರದಲ್ಲ, ಮೂರು ನಾಲ್ಕು ಜನರದ್ದು.

ಇಸ್ಮಿನಿಯ ಎದೆ ಅಲ್ಲೇ ತಣ್ಣಗಾಯಿತು.

ಓ... ಹಾಗೋ. ಕತ್ತೆ, ಕಪ್ಪೆ, ಆಮೇಲೆ ಇವನು. ಹುಡುಗರು ಇವನನ್ನೂ ಸೇರಿಸಿಕೊಂಡಿದ್ದಾರೆ. ಅವರಿಗಿಂತ ಇವನು ಚೆನ್ನಾಗಿ ಬಲ್ಲ, ಯಾವ ಮಾತಿಗೆ ನಾನು ಬಾಯಿ ಬಿಡುತ್ತೇನೆಂದು.

ಅವಳು ನೇರ ನೋಡುತ್ತ ನಡೆದಳು. ಬೂಟುಗಳು ನಿಧಾನವಾಗಿ ಹಿಂದೆ ಉಳಿದವು.

* * *

ಅಜ್ಜಿಯ ಅಂಗಳದಲ್ಲಿ ಹೆಂಗಸರು ಮುತ್ತಿಕೊಂಡರು. ಇಸ್ಮಿನಿ ನೀರನ್ನು ಮಡಕೆಗೆ ಸುರಿದು ಕಣ್ಣು ಮುಚ್ಚಿ ನಿಂತಳು. ಉಂಗುರ, ಗುಂಡಿ, ಬೀಗದ ಕೈ, ಕಿವಿಯೋಲೆ, ಒಂದೊಂದಾಗಿ ನೀರಿಗೆ ಬಿದ್ದ ಸದ್ದು. ಆರ್ಗಿರೊ ಮಡಕೆಗೆ ಕೆಂಪು ಬಟ್ಟೆ ಕಟ್ಟಿ, ಅದರ ಮೇಲೊಂದು ಬೀಗವಿಟ್ಟು, ನಕ್ಷತ್ರ ಕಾಣುವಂತೆ ಅಂಗಳದ ನಡುವೆ ಇಟ್ಟಳು.

"ಆಯ್ತು. ಈಗ ಬಾಯಿ ಬಿಡು, ಮಗಳೇ."

ಇಸ್ಮಿನಿ ಖಾಲಿ ಕೊಡವನ್ನು ಗೋಡೆಗೆ ಒರಗಿಸಿ ಚೌಕದ ಕಡೆ ನಡೆದಳು.

ಚೌಕದಲ್ಲಿ ಬೆಂಕಿ ಹತ್ತಿಕೊಂಡಿತ್ತು. ಮೇ ಒಂದರಂದು ಬಾಗಿಲಿಗೆ ಕಟ್ಟಿದ್ದ ಹೂಮಾಲೆಗಳು ಒಣಗಿ ಗರಿಗರಿಯಾಗಿದ್ದವು. ಜನ ಅವನ್ನು ತಂದು ಬೆಂಕಿಗೆ ಎಸೆಯುತ್ತಿದ್ದರು, ಕೈ ಕೈ ಹಿಡಿದು ಅದರ ಮೇಲಿಂದ ಹಾರುತ್ತಿದ್ದರು. ಮಿಲ್ತೊಸ್ ಅವಳನ್ನೇ ಕಾಯುತ್ತಿದ್ದ.

"ಇಸ್ಮಿನಿ, ದಾರೀಲಿ ನಾನು ಹೇಳಿದ್ದು..."

"ಚೆನ್ನಾಗಿತ್ತು!" ಎಂದಳು ಅವಳು. ನಗುವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದಳು. "ಹುಡುಗ್ರು ಹೇಳ್ಕೊಟ್ಟಿದ್ದಕ್ಕಿಂತ ಚೆನ್ನಾಗಿ ಮಾಡಿದ್ರಿ. ಇನ್ನೊಂಚೂರಿದ್ರೆ ನಾನು ನಂಬ್ಬಿಡ್ತಿದ್ದೆ. ಏನು ಕೊಡ್ತೀನಂದ್ರು? ರಾಕಿ ಸಾರಾಯಿ ಬಾಟ್ಲಾ?"

ಅವಳು ಅವನ ಕಿವಿ ನೋಡಿದಳು. ಬೆಂಕಿಯ ಬೆಳಕಿನಲ್ಲಿ ಅಲ್ಲಿದ್ದ ಎಲ್ಲರ ಕಿವಿಯೂ ಕೆಂಪಾಗಿಯೇ ಕಾಣುತ್ತಿತ್ತು.

"ಹೌದು," ಎಂದ ಕೊನೆಗೆ. "ಹಾಗೇ... ತಮಾಷೆಗೆ."

"ಸರಿ ಹಾಗಾದ್ರೆ."

"ಬೆಳಗಿನ ಬಸ್ಸಿಗೆ ಹೊರಡ್ತೀನಿ. ಬಂದರಲ್ಲಿ ಸ್ವಲ್ಪ ಕೆಲಸ ಇದೆ. ಸಂಜೆ ಅಥೆನ್ಸಿನ ಹಡಗು. ನಾಳಿದ್ದು ಬೆಳಿಗ್ಗೆ ಸಹಿ."

"ಸುಖವಾಗಿ ಹೋಗಿ ಬನ್ನಿ."

ಅವನು ಬೆಂಕಿ ಹಾರಲಿಲ್ಲ. ಅವಳೂ ಹಾರಲಿಲ್ಲ.

* * *

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಮಡಕೆಯ ಬೀಗ ತೆಗೆದರು. ಬಸ್ಸು ಬೆಳಿಗ್ಗೆಯೇ ಹೋಗಿತ್ತು. ಇಸ್ಮಿನಿ ಕೊನೆಯ ಸಾಲಿನಲ್ಲಿ, ಅಂಜೂರದ ಮರದ ನೆರಳಿನಲ್ಲಿ ಕೂತಳು.

ಕ್ರಮ ಹಳೆಯದು. ಮೊದಲು ಆರ್ಗಿರೊ ಬಾಯಿಗೆ ಬಂದ ಎರಡು ಸಾಲು ಹಾಡಬೇಕು, ಆಮೇಲೆ ಲೆಮೊನ್ಯಾ ಮಡಕೆಗೆ ಕೈ ಹಾಕಿ ಒಂದು ವಸ್ತು ತೆಗೆಯಬೇಕು. ವಸ್ತು ಯಾರದೋ ಆ ಹಾಡು ಅವರ ಶಕುನ. ಅವಳು ಅಂಗಿಯ ತೋಳು ಮಡಚಿಕೊಂಡು ಮಡಕೆಯ ಪಕ್ಕ ಕೂತಿದ್ದಳು.

ಮೊದಲ ಹಾಡಿಗೆ ಬೀಗದ ಕೈ ಬಂತು. ಅದರ ಒಡತಿಗೆ ಕುಡುಕ ಗಂಡ ಬರುವನೆಂದಾಗಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎರಡನೆಯದಕ್ಕೆ ಲೆಮೊನ್ಯಾಳ ಉಂಗುರವೇ ಬಂತು. ಹಾಡಿನಲ್ಲಿ ಕುದುರೆಯೇರಿ ಬರುವ ವರನಿದ್ದ.

"ಕುದುರೆ ಯಾಕೆ, ನನ್ನ ಪಿಕಪ್ ಇಲ್ವಾ? ಅವನನ್ನೂ ಹತ್ತಿಸ್ಕೊಂಡು ಬರ್ತೀನಿ!"

ಆರ್ಗಿರೊ ಮತ್ತೆ ದನಿಯೆತ್ತಿದಳು:

"ಕೇಳಿದ ಮಾತಿಗೆ ಮೌನವ ಕೊಟ್ಟೆ, ದೋಣಿಯ ಹಗ್ಗವ ಬಿಚ್ಚಿದೆ ನೀನು;
ಅಲೆಗಳು ಇನ್ನೂ ಒಯ್ದಿಲ್ಲ ಕೇಳೆ, ದಡದಲ್ಲೆ ನಿಂತು ಕಾದಿರುವನವನು."

ಲೆಮೊನ್ಯಾ ಮಡಕೆಯಲ್ಲಿ ಕೈಯಾಡಿಸಿದಳು. "ಇದೇನಿದು, ಕಡ್ಡಿ?" ಮೇಲೆತ್ತಿದಳು.

ಬೆರಳಿಗೂ ಸಿಗದಷ್ಟು ಚಿಕ್ಕ, ಕೆಂಪು ಪೆನ್ಸಿಲ್ ತುಂಡು.

"ಯಾರದ್ರೇ ಇದು?" ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

ಇಸ್ಮಿನಿ ಎದ್ದು ನಿಂತಿದ್ದಳು. ಎದ್ದದ್ದು ಅವಳಿಗೇ ತಿಳಿದಿರಲಿಲ್ಲ.

"ನಿನ್ನೆ ನೀನು ನೀರು ಸುರಿದು ಕಣ್ಮುಚ್ಚಿ ನಿಂತಿದ್ದೆಯಲ್ಲ, ಆಗ ತಂದು ಕೊಟ್ಟ," ಎಂದಳು ಆರ್ಗಿರೊ. "'ಅಜ್ಜಿ, ನನ್ನದೂ ಹಾಕಬಹುದಾ' ಅಂತ ಪಿಸುಗುಟ್ಟಿದ. ಮದುವೆಯಾಗದೋರು ಯಾರು ಬೇಕಾದ್ರೂ ಹಾಕಬಹುದು ಮಗಾ ಅಂದೆ."

"ಆದ್ರೆ ಅವರು... ತಮಾಷೆಗೆ... ಹುಡುಗ್ರು ಹೇಳ್ಕೊಟ್ಟು..." ಇಸ್ಮಿನಿಯ ದನಿ ಒಡೆಯಿತು. "ಲೆಮೊನ್ಯಾ, ಹಿಪ್ಪುನೇರಳೆ ಮರದ ಹತ್ರ ಗೋಡೆ ಹಿಂದೆ ನಗ್ತಿದ್ರಲ್ಲ!"

"ಯಾರು, ನನ್ನ ತಮ್ಮಂದಿರಾ? ಅವರು ಅಲ್ಲಿ ಪಾದ್ರಿಗಳ ಹಿತ್ತಲಿಂದ ದ್ರಾಕ್ಷಿ ಬಳ್ಳಿ ಸೌದೆ ಕದೀತಿದ್ರು! ಪಾದ್ರಿ ಹೆಂಡ್ತಿ ಒಳಗೆ ಪ್ರಾರ್ಥನೆ ಮಾಡ್ತಿದ್ರಂತೆ, ಇವರು ಹೊರಗೆ ನಗು ತಡೀಲಾರದೆ ಸಾಯ್ತಿದ್ರಂತೆ. ನಿಮ್ಮ ಮೇಷ್ಟ್ರನ್ನ ಅವರು ನೋಡೇ ಇಲ್ಲ. ಯಾಕೇ? ಏನಾಯ್ತು?"

ಇಸ್ಮಿನಿ ಮುಖ ಮುಚ್ಚಿಕೊಂಡಳು.

ನಿಜವಾಗಿತ್ತು. ಪ್ರತಿಯೊಂದು ಮಾತೂ ನಿಜವಾಗಿತ್ತು! ಮತ್ತೆ ನಾನು ಅವನ ಮುಖಕ್ಕೇ ನಗೆಯಾಡಿದೆ... ರಾಕಿ ಬಾಟಲಿ ಎಂದೆ.

ಅವಳು ಕೈ ತೆಗೆದಳು. ಜೀವನದಲ್ಲಿ ಮೊದಲ ಸಲ ವಾಕ್ಯವನ್ನು ಕಟ್ಟದೆಯೇ ಆಡಿದಳು.

"ಲೆಮೊನ್ಯಾ, ಗಾಡಿ ತೆಗಿ."

"ಹಾಡು ಇನ್ನೂ ಮುಗಿದಿಲ್ವಲ್ಲೇ..."

"ತೆಗಿ ಅಂದ್ನಲ್ಲ!"

ಆರ್ಗಿರೊ ಮಡಕೆಯ ನೀರನ್ನು ಒಂದು ಪುಟ್ಟ ಸೀಸೆಗೆ ತುಂಬಿ ಮೊಮ್ಮಗಳ ಕೈಗಿಟ್ಟಳು. "ಹುಡುಗೀರು ಈ ನೀರು ಬಾಯಲ್ಲಿ ತುಂಬ್ಕೊಂಡು ಬೀದೀಲಿ ನಿಂತು ಶಕುನ ಕೇಳ್ತಾರೆ. ನೀನು ದಾರೀಲಿ ಕೇಳ್ಕೊ. ಹೋಗು."

* * *

ಇರಾಕ್ಲಿಯೊ ಬಂದರಿನಲ್ಲಿ ಹಡಗು ಬಾಯಿ ತೆರೆದು ಲಾರಿಗಳನ್ನು ನುಂಗುತ್ತಿತ್ತು. ಬೆಟ್ಟದ ದಾರಿಯಲ್ಲಿ ಒಮ್ಮೆ ಕುರಿಮಂದೆ ಅಡ್ಡ ಬಂದು, ಒಮ್ಮೆ ಟಯರ್ ಕೈಕೊಟ್ಟು, ಅವರು ತಲುಪಿದಾಗ ಬಿಸಿಲು ಹಳದಿಗೆ ತಿರುಗಿತ್ತು.

ಮಿಲ್ತೊಸ್ ದಡದ ಕಾಫಿ ಅಂಗಡಿಯ ಹೊರಗೆ ಕೂತಿದ್ದ. ಪಕ್ಕದಲ್ಲಿ ಚೀಲ. ಅವಳನ್ನು ಕಂಡು ಥಟ್ಟನೆ ಎದ್ದ.

"ಏನಾಯ್ತು? ಅಜ್ಜಿ ಹುಷಾರಾಗಿದ್ದಾರಾ?"

ಅವಳು ಪೆನ್ಸಿಲ್ ತುಂಡನ್ನು ಅವನ ಅಂಗೈಗೆ ಹಾಕಿದಳು. "ಇದನ್ನ ಬಿಟ್ಟು ಬಂದಿದ್ರಿ."

ಅವನು ಅದನ್ನೇ ನೋಡಿದ. ಕಿವಿಗಳು ನಿಧಾನವಾಗಿ ಕೆಂಪೇರಿದವು. ಇಲ್ಲಿ ಬೆಂಕಿಯಿರಲಿಲ್ಲ, ಕೊಡವಿರಲಿಲ್ಲ.

"ತಪ್ಪು ನಂದೇ," ಎಂದ. "ನೀವು ಉತ್ತರ ಕೊಡೋಕಾಗದ ಹೊತ್ತು ನೋಡ್ಕೊಂಡೇ ಹೇಳ್ದೆ. ಬೇಡ ಅನ್ನೋದು ಆಗಲೇ ಕೇಳಿಸ್ಬಾರದು ಅಂತ. ಹೇಡಿತನ. ನೀವು ತಮಾಷೆ ಅಂದ್ಕೊಂಡಿದ್ರಲ್ಲಿ ಆಶ್ಚರ್ಯ ಇಲ್ಲ. ಆದ್ರೆ ನೀವು ನಕ್ಕಾಗ..."

"ಸಾಕು. ಮಾತಾಡ್ಬೇಡಿ." ಅವಳು ಸೀಸೆಯ ಮುಚ್ಚಳ ತೆಗೆದಳು. "ಬಾಯಲ್ಲಿ ತುಂಬ್ಕೊಳ್ಳಿ."

"ಏನು?"

"ಮಾತಾಡದ ನೀರು. ನುಂಗಬಾರದು, ಉಗುಳಬಾರದು. ನಿನ್ನೆ ನೀವು ಹೇಳಿದ್ರಿ, ನಾನು ಕೇಳ್ದೆ. ಇವತ್ತು ನಿಮ್ಮ ಸರದಿ."

ಅವನು ಅವಳನ್ನು ನೋಡಿದ. ಹಡಗನ್ನು ನೋಡಿದ. ಸೀಸೆಯೆತ್ತಿ ನೀರು ತುಂಬಿಕೊಂಡ. ಕೆನ್ನೆಗಳು ಉಬ್ಬಿದವು. ದೂರದಲ್ಲಿ ಪಿಕಪ್‌ಗೆ ಒರಗಿದ್ದ ಲೆಮೊನ್ಯಾ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು.

ಇಸ್ಮಿನಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದೂ ನೆನಪಿರಲಿಲ್ಲ.

"ಅಭಿನಂದನೆಗಳು ಅಂದ್ನಲ್ಲ, ಅವತ್ತು... ಅದು ಸುಳ್ಳು. ಹೋಗ್ಬೇಡಿ ಅನ್ನೋಕೆ ಬಂದಿತ್ತು. ನಾನು ಹಾಗೇ, ನಿಜ ಬಾಯಿಗೆ ಬಂದ್ರೆ ಹೆದರ್ಕೊಂಡು ಬೇರೇದು ಹೇಳ್ತೀನಿ. ನಿನ್ನೆನೂ ಅಷ್ಟೇ. ಯಾರಾದ್ರೂ ನನ್ನನ್ನ ಇಷ್ಟಪಡ್ತೀನಿ ಅಂದ್ರೆ ಮೊದಲು ಗೋಡೆ ಹಿಂದೆ ಯಾರು ನಗ್ತಿದ್ದಾರೆ ಅಂತ ನೋಡ್ತೀನಿ..."

ಹಡಗಿನ ಸಿಳ್ಳೆ ಕೂಗಿತು. ಮಿಲ್ತೊಸ್ ಅತ್ತ ಕೈ ತೋರಿಸಿದ. ಕಣ್ಣಗಲಿಸಿದ.

"ಇನ್ನೂ ಮುಗೀಲಿಲ್ಲ!"

ಅವನು ಕೈ ಇಳಿಸಿದ.

"ಸೇತುವೆ ಎಲ್ಲಿ ಅಂತ ಕೇಳಿದ್ರಲ್ಲ, ಮೊದಲ ದಿನ. ಜೊತೆಗಿರೋದು ಹೇಗೆ ಮಾತಾಗುತ್ತೆ ಅಂತ. ನಂಗೆ ಯಾವ ಹಳೇ ಗ್ರಂಥದಲ್ಲೂ ಸಿಗ್ಲಿಲ್ಲ. ಆದ್ರೆ ದಿನಾ ಅರ್ಧ ಕುಲೂರಿ ಇಟ್ಟು ಹೋಗ್ತಿದ್ರಲ್ಲ, ಒಂದು ಮಾತೂ ಆಡದೆ... ನಾನು ಅದನ್ನ ತಿಂತಾ ನಿಮ್ಮ ಜೊತೆ ಎಷ್ಟು ಮಾತಾಡ್ತಿದ್ದೆ ಗೊತ್ತಾ? ಮನಸ್ಸಲ್ಲೇ. ಗಂಟೆಗಟ್ಲೆ." ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. "ನಂಗೂ ನೀವಂದ್ರೆ ಇಷ್ಟ. ನಿಮ್ಮ ಕಿವಿ ಮೊದಲ ಸಲ ಕೆಂಪಾದಾಗಿಂದ. ಹೋಗ್ಬೇಡಿ. ನಿನ್ನೆ ಹೇಳ್ಬೇಕಾಗಿದ್ದ ಉತ್ತರ ಇದು. ಹೋಗ್ಬೇಡಿ."

ಸರಪಳಿಗಳು ಕಿರುಗುಟ್ಟಿದವು. ಹಡಗಿನ ಕಬ್ಬಿಣದ ಬಾಯಿ ಮೇಲೆದ್ದು ಮುಚ್ಚಿಕೊಂಡಿತು. ದಡಕ್ಕೂ ಅದಕ್ಕೂ ನಡುವೆ ನೀರು ಅಗಲವಾಗುತ್ತ ಹೋಯಿತು. ಮಿಲ್ತೊಸ್ ಅದನ್ನು ನೋಡಿದ. ನೀರು ತುಂಬಿದ ಬಾಯಿಯಲ್ಲಿ, ಉಬ್ಬಿದ ಕೆನ್ನೆಗಳಲ್ಲಿ, ನಿಂತಲ್ಲಿಂದ ಕದಲದೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ನುಂಗಿ," ಎಂದಳು ಇಸ್ಮಿನಿ.

ಅವನು ನುಂಗಿದ. ಕೆಮ್ಮಿದ. ಬಾಯಿ ಒರೆಸಿಕೊಂಡ. ಒಂದೇ ಪದ ಹೇಳಿದ.

"ಆಧಾರ?"

ಇಸ್ಮಿನಿ ಸಮುದ್ರದ ಕಡೆ ಕೈ ಮಾಡಿದಳು.

"ಹಡಗು ಹೋಯ್ತು. ನೀನು ಇಲ್ಲೇ ಇದ್ದೀಯ."

ಅವನು ಆ 'ನೀನು' ಕೇಳಿಸಿಕೊಂಡ. ಅಂಗೈಯಲ್ಲಿದ್ದ ಒದ್ದೆ ಪೆನ್ಸಿಲ್ ತುಂಡನ್ನು ತನ್ನ ಕೆಂಪು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಅವಳ ಕೈ ಹಿಡಿದ.

"ಒಪ್ಪಿದೆ," ಎಂದ.